ಕೊನೇ ಮನೆಯ ನೀರುಗಂಟಿ

ಪುಟ್ಟೇನಹಳ್ಳಿಯ ಮುನಿವೆಂಕಟಯ್ಯ ಹೋದ ವರ್ಷ ಮುನ್ನೂರು ದಿನ ಭೂಮಿಯ ಮೇಲಿರಲಿಲ್ಲ. ಇದ್ದದ್ದು ದೊಡ್ಡಬಳ್ಳಾಪುರ ರಸ್ತೆಯ ಒಂದು ಶೆಡ್ಡಿನಲ್ಲೇ. ಆದರೆ ಆ ಶೆಡ್ಡಿನೊಳಗೆ ಹೋದ ಮೂವತ್ತೆರಡು ಜನವೂ ತಾವು ಭೂಮಿ ಬಿಟ್ಟು ಹೊರಟಿದ್ದೇವೆ ಎಂದು ಕಾಗದಕ್ಕೆ ಸಹಿ ಹಾಕಿ ಹೋಗಿದ್ದರು. ಮುನಿವೆಂಕಟಯ್ಯನವರೂ ಹಾಕಿದರು. "ಭೂಮಿ ಬಿಟ್ಟೆ ಅಂತ ನಮ್ಮೂರೋರು ಸೈನ್ ಆಕ್ತಿರೋದು ಇದೇ ಮೊದಲಾ?" ಎನ್ನುತ್ತ ಪೆನ್ನು ಇಸಿದುಕೊಂಡರಂತೆ.

ಯಲಹಂಕದ ಸುತ್ತ ಇಷ್ಟು ವರ್ಷ ಗಗನಕ್ಕೇರಿದ್ದು ಎರಡೇ, ವಾಯುಪಡೆಯ ವಿಮಾನ ಮತ್ತು ಸೈಟಿನ ಬೆಲೆ. ವಾಲ್ವ್‌ಮ್ಯಾನ್ ಒಬ್ಬರು ಏರಿದ್ದು ಇದೇ ಮೊದಲು.

ವಾಲ್ವ್‌ಮ್ಯಾನ್ ಕೆಲಸ ಏನು ಅಂತ ಅಪಾರ್ಟ್‌ಮೆಂಟಿನವರಿಗೆ ಗೊತ್ತಿರಲಿಕ್ಕಿಲ್ಲ. ರಸ್ತೆಯ ಮೇಲಿನ ಕಬ್ಬಿಣದ ಮುಚ್ಚಳ ಎತ್ತಬೇಕು, ಎದೆಯೆತ್ತರದ ಒಂದು ಉದ್ದನೆಯ ಕೀಯನ್ನು ಗುಂಡಿಗೆ ಇಳಿಸಬೇಕು, ತಿರುಗಿಸಬೇಕು. ಇಷ್ಟು ಸುತ್ತಿಗೆ ಈ ಬೀದಿಗೆ ನೀರು, ಅಷ್ಟು ಸುತ್ತಿಗೆ ಆ ಬೀದಿಗೆ. ನಮ್ಮ ಬಡಾವಣೆಯಲ್ಲಿ ಉಪಗ್ರಹದ ಕಕ್ಷೆ ಲೆಕ್ಕ ಹಾಕುವವರು ಮೂರು ಜನ ಇದ್ದಾರೆ. ಕೊಳಾಯಿಗೆ ನೀರು ಯಾವಾಗ ಬರುತ್ತದೆ ಎಂದು ಹೇಳಬಲ್ಲವರು ಮುನಿವೆಂಕಟಯ್ಯ ಒಬ್ಬರೇ.

ಮನೆತನದ ಕಸುಬು ಮಾತ್ರ ವಾಲ್ವಲ್ಲ. ಅವರ ತಾತ ಪುಟ್ಟೇನಹಳ್ಳಿ ಕೆರೆಯ ನೀರುಗಂಟಿ. ಕೆರೆಯ ತೂಬು ಎತ್ತಿ, ಕಾಲುವೆಯಲ್ಲಿ ನೀರು ಹರಿಸಿ, ಒಂದೊಂದು ಗದ್ದೆಗೂ ಅದರ ಪಾಲು ಮುಟ್ಟಿಸುವವನು ನೀರುಗಂಟಿ. ಎಂಥ ದೊಡ್ಡ ಗೌಡನಾದರೂ ತಾನೇ ಬದು ಕಡಿದು ನೀರು ತಿರುಗಿಸಿಕೊಳ್ಳುವ ಹಾಗಿರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದು ಮೊರ ಧಾನ್ಯ ನೀರುಗಂಟಿಯ ಮನೆಗೆ ಹೋಗುತ್ತಿತ್ತು, ಅದು ಬಿಟ್ಟರೆ ಈ ಗಂಟಿಗೆ ಬೇರೆ ಗಂಟೇನೂ ಇರಲಿಲ್ಲ. ಊರಿನವರು ಉಳುಮೆಗೆಂದು ಒಂದು ತುಂಡು ಗದ್ದೆ ಬಿಟ್ಟಿದ್ದರು. ಅದೂ ಕಾಲುವೆಯ ಕಟ್ಟಕಡೆಯದು. ನೀರು ಎಲ್ಲರ ಗದ್ದೆ ದಾಟಿಕೊಂಡು, ಉಸ್ಸಪ್ಪಾ ಎಂದು ಅಲ್ಲಿಗೆ ಬರಬೇಕು.

"ಎಲ್ಲಾರಿಗೂ ನೀರು ಕೊಡೋನು ನೀನು. ನಮ್ಗೆ ಯಾಕೆ ಕೊನೇ ಗದ್ದೆ ತಾತ? ಊರೋರು ಮೋಸ ಮಾಡವ್ರೆ" ಎಂದು ಎಂಟು ವರ್ಷದ ಮುನಿವೆಂಕಟಯ್ಯ ಒಮ್ಮೆ ಕೇಳಿದ್ದರು. ತಾತ ಎಲೆ ಅಡಿಕೆ ಉಗಿದು, "ನಿನ್ ಕೈಗೆ ಗುದ್ದಲಿ ಬರ್ಲಿ, ಗೊತ್ತಾಯ್ತದೆ" ಎಂದರು. ಗುದ್ದಲಿ ಬರುವ ಹೊತ್ತಿಗೆ ಗದ್ದೆ ಇರಲಿಲ್ಲ. ಗದ್ದೆಯಿದ್ದ ಜಾಗದಲ್ಲಿ ನಮ್ಮ ಮನೆಗಳೆದ್ದಿದ್ದವು. ತಾತ ಕೆರೆ ನೋಡಿಕೊಳ್ಳುತ್ತಿದ್ದರು, ಮೊಮ್ಮಗ ಕರೆ ನೋಡಿಕೊಳ್ಳುವಂತಾಯಿತು. ಬೆಳಿಗ್ಗೆ ಐದೂವರೆಯಿಂದ ಫೋನು. "ನೀರು ಬಂದಿಲ್ಲ." "ಬಂತು, ನಿಂತೋಯ್ತು." "ಎದುರುಮನೆಗೆ ಬರ್ತಿದೆ, ನಮಗ್ಯಾಕಿಲ್ಲ?"

ಈ ಫೋನುಗಳಿಂದ ಮುನಿವೆಂಕಟಯ್ಯನವರಿಗೆ ಒಂದು ಅಭ್ಯಾಸ ಅಂಟಿಕೊಂಡಿತು. ಯಾರು ಹೆಚ್ಚು ಕೂಗುತ್ತಾರೋ ಅವರ ಬೀದಿಗೆ ಕಾಲು ಸುತ್ತು ಹೆಚ್ಚು. ಲಂಚ ಏನಿಲ್ಲ, ಕಿವಿಗೆ ಸಮಾಧಾನ ಅಷ್ಟೇ. ಯುಗಾದಿಗೆ ಡಬ್ಬದಲ್ಲಿ ಒಬ್ಬಟ್ಟು ಕಳಿಸಿ ಕಾಲು ಸುತ್ತು ಗಿಟ್ಟಿಸಿದವರಲ್ಲಿ ನಮ್ಮ ಮನೆಯವರೂ ಇದ್ದೇವೆ, ಸುಳ್ಳು ಯಾಕೆ ಹೇಳಲಿ. ಈ ಕಾಲು ಸುತ್ತೇ ಮುಂದೆ ಅವರ ಕಾಲಿಗೆ ಸುತ್ತಿಕೊಂಡದ್ದು.

ಈಗ ಆ ಶೆಡ್ಡಿಗೆ ಬರೋಣ. ದೂರಯಾನ ಪ್ರತಿಷ್ಠಾನ ಎಂಬ ಸಂಸ್ಥೆಯವರು ಬೇರೊಂದು ನಕ್ಷತ್ರಕ್ಕೆ ಹೋಗುವ ನೌಕೆಯ ಯೋಚನೆಯಲ್ಲಿದ್ದರು. ಅಲ್ಲಿಗೆ ತಲುಪಲು ಇನ್ನೂರೈವತ್ತು ವರ್ಷ. ಹತ್ತಿದವರು ಇಳಿಯುವುದಿಲ್ಲ. ಅವರ ಮೊಮ್ಮಕ್ಕಳ ಮೊಮ್ಮಕ್ಕಳ ಮೊಮ್ಮಕ್ಕಳು ಇಳಿಯಬೇಕು. ಎಂಜಿನ್ನಿನ ಚಿಂತೆ ಬೇರೆಯವರದು. ಜನ ಒಂದೇ ಸೂರಿನಡಿ, ಹೊರಗಿನಿಂದ ಒಂದು ಲೋಟ ನೀರೂ ಒಂದು ಹಿಡಿ ಅಕ್ಕಿಯೂ ಬರದಂತೆ, ಒಬ್ಬರನ್ನೊಬ್ಬರು ಕಚ್ಚದೆ ಬಾಳಬಲ್ಲರೇ ಎಂದು ನೋಡುವುದು ಈ ಶೆಡ್ಡಿನ ಕೆಲಸ. ಎಂಟು ಮನೆ, ಒಂದೇ ಸಾಲು. ಒಂದು ತುದಿಯಲ್ಲಿ ನೀರಿನ ತೊಟ್ಟಿ, ಇನ್ನೊಂದು ತುದಿಯಲ್ಲಿ ಹೊರಗಿನ ಬಾಗಿಲು. ಬಾಗಿಲಿಗೆ ಅಡ್ಡ ಒಂದು ಕೆಂಪು ಸರಳು. ಯಾರು ಯಾವಾಗ ಬೇಕಾದರೂ ಸರಳು ಎತ್ತಿ ಹೊರಗೆ ಹೋಗಬಹುದು, ಬಲವಂತ ಇಲ್ಲ. ಆದರೆ ಒಬ್ಬರು ಎತ್ತಿದರೆ ಮೂವತ್ತೆರಡು ಜನದ ಯಾನವೂ ಮುಗಿಯಿತು. ನಿಜವಾದ ನೌಕೆಯಲ್ಲಿ ಬಾಗಿಲಾಚೆ ದೊಡ್ಡಬಳ್ಳಾಪುರ ರಸ್ತೆ ಇರುವುದಿಲ್ಲವಲ್ಲ.

ಹಿಂದೆ ಎರಡು ಸಲ ಈ ಪ್ರಯೋಗ ನಡೆದು ಎರಡು ಸಲವೂ ನಡುವೆ ನಿಂತಿತ್ತು. ಮೊದಲ ತಂಡ ಅರವತ್ತೊಂದನೇ ದಿನ ಒಂದು ಕುಕ್ಕರಿನ ಸೀಟಿಯ ಮೇಲೆ ಜಗಳವಾಡಿ ಹೊರಬಂತು. ಎರಡನೆಯದು ಎಂಬತ್ತೆಂಟನೇ ದಿನ, ಉಪ್ಪಿನಕಾಯಿಗಾಗಿ. ಮೂರನೆಯ ತಂಡದ ಮುಖ್ಯಸ್ಥೆ ಜ್ಯೋತಿಲಕ್ಷ್ಮಿ, ನಲವತ್ತೈದರ ಗಟ್ಟಿ ಹೆಂಗಸು. ನೀರಿನ ಕೆಲಸಕ್ಕೆ ಅವರು ಒಬ್ಬ ಎಂಜಿನಿಯರನ್ನು ಆರಿಸಿಕೊಂಡಿದ್ದರು. ಹೊರಡುವ ಹತ್ತು ದಿನ ಮೊದಲು ಅವನಿಗೆ ಮದುವೆ ಗೊತ್ತಾಯಿತು. ಹುಡುಗ ಅಂತರಿಕ್ಷದಲ್ಲಿದ್ದಾನೆ ಅಂದರೆ ಹುಡುಗಿ ಕಡೆಯವರು ಒಪ್ಪಲಿಲ್ಲ. ಆ ಶೆಡ್ಡಿಗೆ ಪೈಪು ಎಳೆದಿದ್ದವರು ನಮ್ಮ ಮುನಿವೆಂಕಟಯ್ಯ. ಜ್ಯೋತಿಲಕ್ಷ್ಮಿ ಅವರನ್ನೇ ಕೇಳಿದರು.

"ಆ ಕಡೆ ಓಗಿ ಇಳಿಯೋರು ಕೊನೇ ತಲೆಮಾರು. ನಡೂಲಿರೋರ ಗತಿ ಏನು ಮೇಡಮ್ಮೋರೆ?"

"ನಡುವೆ ಹುಟ್ಟಿ ನಡುವೆಯೇ ಹೋಗ್ತಾರೆ. ಮುಂದಿನವರಿಗೆ ನೌಕೆ ಸರಿಯಾಗಿ ಒಪ್ಪಿಸೋದೇ ಅವರ ಕೆಲಸ."

"ಎಲ್ಲಾರೂ ಅಂಗೇ ಅಲ್ವರಾ" ಎಂದರು ಮುನಿವೆಂಕಟಯ್ಯ.

ಮನೆಗೆ ಬಂದು ಹೆಂಡತಿ ಮುನಿಶಾಮಮ್ಮನಿಗೆ ಹೇಳಿದರು. ಆಕೆ ಸೊಪ್ಪು ಸೋಸುತ್ತಿದ್ದರು.

"ಎಲ್ಲಿಗೆ?"

"ನಕ್ಷತ್ರಕ್ಕೆ."

"ಯಾವ ಬಸ್ಸು?"

"ಅಯ್ಯ, ಶೆಡ್ಡಲ್ಲೇ ಇರೋದು ಕಣಮ್ಮಿ. ಓದಂಗೆ ಅಂದ್ಕೊಳ್ಳೋದು. ಅತ್ತು ತಿಂಗ್ಳು. ಗಂಡ ಎಂಡ್ತಿ ಇಬ್ರೂ ಬರ್ಬೋದಂತೆ."

"ಮೂವತ್ತೆಂಟು ವರ್ಷದಿಂದ ಅಂದ್ಕೊಂಡೇ ಇವ್ನಿ, ಇನ್ನತ್ತು ತಿಂಗ್ಳು ಏನ್ ಮಹಾ" ಎಂದರು ಮುನಿಶಾಮಮ್ಮ. "ಅಲ್ಲಿ ಸೊಪ್ಪು ಬೆಳೀಬೋದಾ ಕೇಳು ಮೊದ್ಲು."

ಬೆಳೆಯಬಹುದಿತ್ತು. ಹೀಗೆ ಮಾರ್ಚಿನಲ್ಲಿ ಬಾಗಿಲು ಮುಚ್ಚಿತು, ನೌಕೆಯಲ್ಲಿ ನೌಕರಿ ಶುರುವಾಯಿತು.

ನೀರು ನೋಡುವವರು ತೊಟ್ಟಿಯ ಪಕ್ಕದಲ್ಲೇ ಇರಬೇಕೆಂದು ಕೈಪಿಡಿಯಲ್ಲಿ ಬರೆದಿತ್ತು. ಹಾಗಾಗಿ ದಂಪತಿಗೆ ಮೊದಲನೇ ಮನೆ ಸಿಕ್ಕಿತು. ತೊಟ್ಟಿಯ ನಲ್ಲಿಯಿಂದ ತೊಟ್ಟಿಕ್ಕುವ ನೀರಿಗೆ ಮುನಿಶಾಮಮ್ಮ ಪುದೀನ, ಮೆಂತ್ಯ, ದಂಟು ಹಾಕಿದರು. ಅವು ಭೂಮಿಯ ಮೇಲೆ ಬೆಳೆದದ್ದಕ್ಕಿಂತ ಸೊಂಪಾಗಿ ಬೆಳೆದವು. ಪಕ್ಕದ ಮನೆ ನಯೀಮ್‌ದು. ಅರಮನೆಯಷ್ಟು ಎತ್ತರದ ಕಪಾಟುಗಳಲ್ಲಿ ರಾಗಿ, ಅವರೆ, ಆಲೂಗಡ್ಡೆ ಬೆಳೆದು ಮೂವತ್ತೆರಡು ಹೊಟ್ಟೆ ತುಂಬಿಸುವುದು ಅವನ ಕೆಲಸ. ಬಾಗಿಲ ಬಳಿಯ ಎಂಟನೇ ಮನೆಯಲ್ಲಿ ತಣಿಸಂದ್ರದ ಸರಳಾ, ಗಂಡ ಮತ್ತು ಮಗಳೊಂದಿಗೆ. ನೌಕೆಯ ಮಕ್ಕಳಿಗೆ ಪಾಠ ಹೇಳುವ ಟೀಚರ್ ಆಕೆ, ಮೆತ್ತಗಿನ ಮಾತು. ನೀರಿನ ಕಂಪ್ಯೂಟರು ನರೇಂದ್ರನ ವಶದಲ್ಲಿತ್ತು. ಎಂಟೂ ಮನೆಗೆ ಒಂದೇ ಸಲಕ್ಕೆ ವಾಲ್ವು ತೆಗೆಯುತ್ತಿತ್ತು, ಒಂದೇ ಸಲಕ್ಕೆ ಮುಚ್ಚುತ್ತಿತ್ತು. ಕೈಯಿಂದ ತಿರುಗಿಸುವ ಕೀ ಮಾತ್ರ ಮುನಿವೆಂಕಟಯ್ಯನವರ ಹತ್ತಿರ. ಪುಟ್ಟೇನಹಳ್ಳಿಯದೇ ಕೀ. ಸಂಸ್ಥೆಯವರ ಹೊಸದನ್ನು ಅವರು ಮುಟ್ಟಲೂ ಇಲ್ಲ.

ಮೊದಲ ನೂರು ದಿನ ಚೆನ್ನಾಗಿ ನಡೆಯಿತು. ನಕ್ಷತ್ರಗಳ ನಡುವೆ ಹಾರುವ ಆ ನೌಕೆಗೆ ದಿನಾ ಬೆಳಿಗ್ಗೆ ಯಲಹಂಕ ಜಂಕ್ಷನ್ನಿನ ರೈಲು ಕೂಗುವುದು ಕೇಳುತ್ತಿತ್ತು. ಯಾರೂ ಅದರ ಮಾತೆತ್ತುತ್ತಿರಲಿಲ್ಲ. ವಾಯುಪಡೆಯ ವಿಮಾನ ತಲೆಯ ಮೇಲೆ ಗುಡುಗಿದಾಗ ನರೇಂದ್ರ "ಉಲ್ಕೆ" ಎನ್ನುತ್ತಿದ್ದ. ಎಲ್ಲರೂ ಒಪ್ಪುತ್ತಿದ್ದರು.

ನೂರಹನ್ನೆರಡನೇ ದಿನ ನೀರು ಶುದ್ಧಿ ಮಾಡುವ ಎರಡು ಫಿಲ್ಟರುಗಳಲ್ಲಿ ಒಂದು ಒಡೆಯಿತು. ಬಚ್ಚಲಿನ ನೀರು, ಅಡುಗೆ ಮನೆಯ ನೀರು, ಉಸಿರಿನ ತೇವ ಎಲ್ಲ ಸೋಸಿ ಮತ್ತೆ ತೊಟ್ಟಿಗೆ ಬರಬೇಕಿತ್ತು. ಈಗ ಅರ್ಧ ಮಾತ್ರ ಬಂತು. ಹೊರಗಿನಿಂದ ತರಿಸುವ ಹಾಗಿಲ್ಲ. ಮನೆಗೆ ದಿನಕ್ಕೆ ಆರು ಬಕೆಟ್ ಇದ್ದದ್ದು ಮೂರಾಯಿತು. ಉಳಿದ ನೂರ ಎಂಬತ್ತೆಂಟು ದಿನವೂ ಮೂರೇ.

ಮೂರು ಬಕೆಟ್ಟಿನಲ್ಲಿ ಬದುಕಬಹುದು. ಬೆಂಗಳೂರಿನಲ್ಲಿ ಬದುಕಿದವರಿಗೆ ಅದು ಹೊಸತೂ ಅಲ್ಲ. ಕಷ್ಟವಾದದ್ದು ಬೇರೆ. ನೀರು ಕಮ್ಮಿ ಎಂದ ತಕ್ಷಣ ಜನ ಪಾತ್ರೆ, ಚೆಂಬು, ಟಿಫಿನ್ ಡಬ್ಬ ಎಲ್ಲದರಲ್ಲೂ ಹಿಡಿದು ಬಚ್ಚಿಡತೊಡಗಿದರು. ಎಂಟು ಮನೆಯೂ ಒಟ್ಟಿಗೆ ನಲ್ಲಿ ತಿರುಗಿಸಿ ನಿಂತರೆ ತೊಟ್ಟಿಯ ಹತ್ತಿರದವರಿಗೆ ಧಾರೆ, ದೂರದವರಿಗೆ ದಾರ. ಎಂಟನೇ ಮನೆಯ ನಲ್ಲಿ ಬರೀ ಗೊರಗೊರ ಎಂದಿತು. ಸರಳಾ ನರೇಂದ್ರನಿಗೆ ಹೇಳಿದಳು. ಅವನು ಸ್ಕ್ರೀನು ನೋಡಿ, "ಎಲ್ಲಾ ಮನೆಗೂ ಸಮ ಹೋಗಿದೆ ಮೇಡಂ" ಎಂದ. ಆಕೆ ಮೆಲ್ಲಗೆ ಮನೆಗೆ ಹಿಂದಿರುಗಿದಳು.

ಇಲ್ಲಿ ಮುನಿವೆಂಕಟಯ್ಯ ತಪ್ಪು ಮಾಡಿದರು. ನಯೀಮ್ ದಿನಕ್ಕೆ ನಾಲ್ಕು ಸಲ ಬಂದು, "ಮುನಿಯಣ್ಣ, ಸಸಿ ಒಣಗ್ತಾ ಇದೆ. ಸಸಿ ಹೋದ್ರೆ ನಾವೆಲ್ಲ ಏನ್ ತಿನ್ನೋಣ, ಪೈಪಾ?" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಪುಟ್ಟೇನಹಳ್ಳಿಯ ಅಭ್ಯಾಸ. ಮುನಿವೆಂಕಟಯ್ಯ ಅವನ ವಾಲ್ವಿಗೆ ಕಾಲು ಸುತ್ತು ಹೆಚ್ಚು ಕೊಟ್ಟರು. ಎರಡನೇ ದಿನವೂ ಕೊಟ್ಟರು. ಐದನೇ ದಿನ ಬೆಳಿಗ್ಗೆ ಕೀ ತಿರುಗಿಸಿ ತಲೆಯೆತ್ತಿದರೆ ಎದುರಿಗೆ ಸರಳಾ, ಕೈಯಲ್ಲಿ ಖಾಲಿ ಬಕೆಟ್ಟು.

ಆಕೆ ಬಕೆಟ್ಟು ಅಲ್ಲೇ ಇಟ್ಟು ತಿರುಗಿ ನಡೆದಳು, ಎಂಟು ಮನೆಯನ್ನೂ ದಾಟಿ ಬಾಗಿಲ ತನಕ. ಕೆಂಪು ಸರಳಿನ ಮೇಲೆ ಕೈಯಿಟ್ಟಳು.

ಸುದ್ದಿ ಆ ಸಾಲಿನಲ್ಲಿ ನೀರಿಗಿಂತ ಬೇಗ ಹರಿಯಿತು. ಮುನಿವೆಂಕಟಯ್ಯ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಎಲ್ಲರೂ ನೆರೆದಿದ್ದರು. ಜ್ಯೋತಿಲಕ್ಷ್ಮಿ ಸರಳಾಳ ಪಕ್ಕದಲ್ಲಿ ನಿಂತಿದ್ದರು, ಕೈ ಹಿಡಿದಿರಲಿಲ್ಲ. ಹಿಡಿಯುವ ಹಾಗಿಲ್ಲ ಎಂಬುದು ನಿಯಮ.

"ನಂಗೆ ಕೂಗಾಡೋಕೆ ಬರಲ್ಲ" ಎಂದಳು ಸರಳಾ. "ಅದಕ್ಕೇ ನಮ್ಮನೆಗೆ ನೀರಿಲ್ಲ. ಅಲ್ವಾ ಅಣ್ಣ?"

ಮುನಿವೆಂಕಟಯ್ಯ ನನಗೆ ಇದನ್ನು ಹೇಳುವಾಗ ಇಲ್ಲಿ ಮತ್ತೆ ತಾತನ ಮಾತೆತ್ತಿದರು. ಅವರ ತಾತನ ಕಾಲದಲ್ಲಿ ಆ ಕೆರೆಯ ಕೆಳಗೆ ನೀರಿಗಾಗಿ ಒಂದು ಬದುವೂ ಕಡಿದಿರಲಿಲ್ಲ, ಒಂದು ತಲೆಯೂ ಒಡೆದಿರಲಿಲ್ಲ. ಈಗ ಒಬ್ಬ ಹೆಣ್ಣುಮಗಳು ನೀರಿಗಾಗಿ ಸರಳು ಎತ್ತಿದರೆ ಮುನ್ನೂರು ದಿನದ ಯಾನ ಮುಗಿಯುವುದು ನೀರುಗಂಟಿಯ ಮೊಮ್ಮಗನ ಕೈಯಿಂದ.

"ಅವ್ದು ತಾಯಿ" ಎಂದರು. "ಕಾಲು ಸುತ್ತು ಕೊಟ್ಟೆ. ತಪ್ಪು ನಂದೇಯ."

"ಅಂಕಲ್, ಸ್ಕ್ರೀನಲ್ಲಿ ಎಲ್ಲಾ ಸಮ ತೋರಿಸ್ತಿದೆಯಲ್ಲ" ಎಂದ ನರೇಂದ್ರ.

"ನಿನ್ ಮೀಟ್ರು ತೊಟ್ಟಿ ಬಾಯಲ್ಲಿ ಕುಂತೈತೆ ಸ್ವಾಮಿ. ಬಾಯಿಂದ ಎಷ್ಟ್ ಓಯ್ತು ಅಂತ ಏಳ್ತದೆ, ಯಾರ್ ಒಟ್ಟೆಗೆ ಎಷ್ಟ್ ಬಿತ್ತು ಅಂತ ಅದ್ಕೇನ್ ಗೊತ್ತು?"

ಆ ಮಾತು ಬಾಯಿಂದ ಬೀಳುವಾಗಲೇ ಅವರಿಗೆ ಐವತ್ತನಾಲ್ಕು ವರ್ಷದ ಹಿಂದಿನ ಪ್ರಶ್ನೆಗೆ ಉತ್ತರ ಹೊಳೆಯಿತು. ಊರಿನವರು ತಾತನಿಗೆ ಮೋಸ ಮಾಡಿರಲಿಲ್ಲ. ನೀರು ಹಂಚುವವನ ಗದ್ದೆ ಕಾಲುವೆಯ ಕೊನೆಗಿದ್ದರೆ, ಅವನ ಸರದಿಯೂ ಕೊನೆಗೇ ಬಂದರೆ, ಯಾರಿಗೆ ಹೆಚ್ಚು ಬಿಟ್ಟರೂ ಅದು ಅವನ ಪೈರಿನಿಂದ ಕಿತ್ತದ್ದೇ. ಪಕ್ಷಪಾತ ಮಾಡಿದ ನೀರುಗಂಟಿಯ ಗದ್ದೆಯೇ ಮೊದಲು ಒಣಗುತ್ತದೆ. ಯಾರೂ ಕಾವಲು ಕಾಯಬೇಕಿಲ್ಲ. ನನ್ನ ಕಾನ್ವೆಂಟಿನಲ್ಲೂ ಇದೇ ಶಾಸ್ತ್ರ ಇತ್ತು. ಹುಟ್ಟುಹಬ್ಬದ ಕೇಕು ಕತ್ತರಿಸಿದವಳು ಕೊನೇ ತುಂಡು ತೆಗೆದುಕೊಳ್ಳಬೇಕೆಂದು ಸಿಸ್ಟರ್ ಕಟ್ಟಪ್ಪಣೆ. ಆ ಶಾಲೆಯಲ್ಲಿ ಕತ್ತರಿಸಿದಷ್ಟು ಸಮನಾದ ತುಂಡುಗಳನ್ನು ನಾನು ಆಮೇಲೆ ಯಾವ ಬೇಕರಿಯಲ್ಲೂ ಕಂಡಿಲ್ಲ.

"ಸರಳಮ್ಮ, ಒಂದ್ ದಿನ ಕೊಡು" ಎಂದರು ಮುನಿವೆಂಕಟಯ್ಯ. "ಇವತ್ತೇ ಮನೆ ಬದಲಾಯಿಸ್ಕೊಳ್ಳಾಣ. ನೀನು ಮೊದಲ್ನೇ ಮನೇಗೆ ಓಗು. ಎಂಟ್ನೇದು ನಂಗಿರ್ಲಿ. ನಾಳೆಯಿಂದ ಎಲ್ಲಾರ್ಗೂ ಒಟ್ಗೆ ಬಿಡಾಂಗಿಲ್ಲ, ಒಂದೊಂದೇ ಮನೇಗೆ ಬಿಡ್ತೀನಿ. ನಮ್ಮನೇದು ಕಟ್ಟಕಡೇಗೆ. ಕೊನೇಗೆ ನೀರು ಮುಟ್ಟಲಿಲ್ಲ ಅಂದ್ರೆ ಈ ಸರಳು ನಾನೇ ಎತ್ತೀನಿ, ನೀನ್ ಕೈ ನೋಯಿಸ್ಕೋಬೇಡ."

ಯಾರೋ ಕೈಪಿಡಿ ತೆಗೆದರು. ನೀರಿನವರು ತೊಟ್ಟಿಯ ಪಕ್ಕದಲ್ಲೇ ಇರಬೇಕು, ಪುಟ ಇಷ್ಟು, ಸಾಲು ಇಷ್ಟು. ಜ್ಯೋತಿಲಕ್ಷ್ಮಿ ಪುಟ ನೋಡಿದರು, ಸರಳಾಳ ಕೈ ನೋಡಿದರು.

"ಇದನ್ನ ಬರೆದವರು ಹೊರಗಿದ್ದಾರೆ" ಎಂದರು. "ಅವರ ಮನೆಗೆ ಟ್ಯಾಂಕರ್ ಬರುತ್ತೆ. ಮನೆ ಬದಲಾಯಿಸಿ."

ಅಷ್ಟರಲ್ಲಿ ಮುನಿಶಾಮಮ್ಮ ಮಣ್ಣಿನ ಕೈ ಸೀರೆಗೆ ಒರೆಸಿಕೊಳ್ಳುತ್ತ ಬಂದರು. ವಿಷಯ ಕೇಳಿದರು. ಗಂಡನ ಮುಖವನ್ನೇ ದಿಟ್ಟಿಸಿದರು.

"ತಾತನ್ ಎಸ್ರು ಉಳೀತು. ನನ್ ಸೊಪ್ಪು?"

"ಅಲ್ಲಿ ಬೇರೆ ಆಕ್ಕೋ."

"ಅಲ್ಲಿ ನಲ್ಲೀಲಿ ಗಾಳಿ ಬತ್ತದೆ ಅಂತ ನೀನೇ ಈಗ್ ತಾನೆ ಒಪ್ಕೊಂಡೆ. ಗಾಳೀಲಿ ಮೆಂತ್ಯ ಬೆಳೆಯೋ ವಿದ್ಯೆ ನಮ್ಮಪ್ಪ ಕಲಿಸ್ಲಿಲ್ಲ ಕಣಯ್ಯ." ಆಮೇಲೆ ಸರಳಾಳ ಕಡೆ ತಿರುಗಿ, "ಬಾರವ್ವ. ದಂಟು ಎಳೇದೈತೆ, ಕಿತ್ತು ತಿನ್ನು. ಮೆಂತ್ಯ ಇನ್ನೆಲ್ಡ್ ದಿನ ಬಿಡು. ಪುದೀನ ಮಾತ್ರ ನಾನ್ ತಗೊಂಡ್ ಓಯ್ತೀನಿ, ಒಂದ್ ಕಡ್ಡಿ. ಅದ್ಕೆ ಗಾಳಿ ಸಾಕು."

ಸರಳಾ ಸರಳಿನಿಂದ ಕೈ ತೆಗೆದಳು. ಚಪ್ಪಲಿ ಮಾತ್ರ ಬಾಗಿಲ ಬಳಿಯೇ ಬಿಟ್ಟಳು. ಒಂದು ದಿನ ಅಂದರೆ ಒಂದೇ ದಿನ.

ಮರುದಿನ ನರೇಂದ್ರನ ಕಂಪ್ಯೂಟರಿಗೆ ರಜೆ. ಮುನಿವೆಂಕಟಯ್ಯ ಕೀ ಹೆಗಲಿಗೇರಿಸಿಕೊಂಡು ಮೊದಲನೇ ಮನೆಗೆ ಬಂದರು. ಬೇರೆ ಏಳು ವಾಲ್ವೂ ಬಂದ್. ಮೂರು ಬಕೆಟ್ಟು ತುಂಬುವ ತನಕ ನಲ್ಲಿಯ ಪಕ್ಕದಲ್ಲೇ ನಿಂತರು, ಮುಚ್ಚಿದರು, ಎರಡನೇ ಮನೆಗೆ ಹೋದರು. ನಯೀಮ್ ಏನೋ ಹೇಳಲು ಬಾಯಿ ತೆರೆದ.

"ಇನ್ನೊಂದ್ ಚೆಂಬು ಬೇಕಾ? ತಗೊ" ಎಂದರು. "ನಮ್ಮನೇದ್ರಲ್ಲಿ ಕಮ್ಮಿ ಆಯ್ತದೆ, ಅಷ್ಟೇಯ. ಮುನಿಶಾಮಿಗೆ ನೀನೇ ಏಳ್ಬಿಡು."

ನಯೀಮ್ ತನ್ನ ಮೂರು ಬಕೆಟ್ಟನ್ನು ಒಳಗಿಟ್ಟ. ಮುನಿಶಾಮಮ್ಮನಿಗೆ ಹೇಳುವ ಧೈರ್ಯ ನೌಕೆಯಲ್ಲಿ ಯಾರಿಗೂ ಇರಲಿಲ್ಲ.

ಮೂರು, ನಾಲ್ಕು, ಐದು. ಜನ ತಮ್ಮ ಬಕೆಟ್ಟು ಒಳಗಿಟ್ಟು ಅವರ ಹಿಂದೆ ಹೊರಟರು. ಆರನೇ ಮನೆಗೆ ಬರುವ ಹೊತ್ತಿಗೆ ಅದು ಮೆರವಣಿಗೆಯೇ ಆಗಿತ್ತು, ವಾದ್ಯವೊಂದಿಲ್ಲ. ಏಳು. ಎಂಟನೇ ಮನೆಯ ಮುಂದೆ ಮುನಿಶಾಮಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು, ಪಕ್ಕದಲ್ಲಿ ಸರಳಾ, ಆಕೆಯ ಕಾಲಿನಿಂದ ಒಂದು ಮೊಳ ದೂರದಲ್ಲಿ ಚಪ್ಪಲಿ. ಮುನಿವೆಂಕಟಯ್ಯ ಕೀ ಇಳಿಸಿ ತಿರುಗಿಸಿದರು.

ನಲ್ಲಿ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಗಾಳಿ ಬುಸ್ಸೆಂದಿತು. ಯಾರೋ "ಅಯ್ಯೋ" ಎನ್ನುವಷ್ಟರಲ್ಲಿ ನೀರು ಧಡಧಡ ಬಕೆಟ್ಟಿಗೆ ಬಿತ್ತು. ಒಂದು ತುಂಬಿತು, ಎರಡು ತುಂಬಿತು. ಮೂರನೆಯದು ಅರ್ಧಕ್ಕೆ ನಿಂತಿತು.

ಎಲ್ಲರ ಮನೆಗೆ ಮೂರು, ನೀರು ಹಂಚಿದವನ ಮನೆಗೆ ಎರಡೂವರೆ.

"ಎಲ್ಲೋ ಕೈ ಜಾರೈತೆ" ಎಂದು ಮುನಿವೆಂಕಟಯ್ಯ ತಲೆ ಕೆರೆದುಕೊಂಡರು. "ನಾಳೆ ಸರಿ ಮಾಡ್ತೀನಿ."

"ಇವತ್ ಸ್ನಾನ ನಂದು, ನಿಂದು ನಾಳೆ" ಎಂದರು ಮುನಿಶಾಮಮ್ಮ.

ಸರಳಾ ಆ ಅರ್ಧ ಬಕೆಟ್ಟನ್ನು ನೋಡಿದಳು. ಬಗ್ಗಿ ಚಪ್ಪಲಿ ಎತ್ತಿಕೊಂಡು, ಸಾಲಿನುದ್ದಕ್ಕೂ ನಡೆದು ಮೊದಲನೇ ಮನೆಗೆ ಹೋದಳು. ಸಮವಾಗಿ ಮೂರು ತುಂಬಿದ್ದರೆ ಆಕೆ ಅಷ್ಟು ಬೇಗ ಹೋಗುತ್ತಿರಲಿಲ್ಲ ಎಂದು ಮುನಿಶಾಮಮ್ಮನ ಅಭಿಪ್ರಾಯ. ಇದ್ದರೂ ಇರಬಹುದು.

ಮರುದಿನ ಎಂಟನೇ ಮನೆಗೂ ಮೂರು ಬಂತು. ಅದರ ಮರುದಿನವೂ ಬಂತು. ನೀರು ತನ್ನ ಹೊತ್ತಿಗೆ 'ನಾನು ಬಂದೇ ಬರುತ್ತೇನೆ' ಎಂದು ತೋರಿಸಿಕೊಟ್ಟ ಮೇಲೆ ಬಚ್ಚಿಡುವವರು ಕಮ್ಮಿಯಾದರು. ಟಿಫಿನ್ ಡಬ್ಬಗಳಿಗೆ ಮತ್ತೆ ಟಿಫಿನ್ ಬಂತು. ತರಕಾರಿ ತೊಳೆದ ನೀರನ್ನು ಪಾತ್ರೆಯಲ್ಲಿ ಹಿಡಿದು ನಯೀಮನ ಸಸಿಗೆ ಹಾಕಿ ಬರುವ ರೂಢಿಯನ್ನು ಮೊದಲು ಶುರುಮಾಡಿದ್ದು ಸರಳಾ. ಒಂದು ವಾರದಲ್ಲಿ ಎಲ್ಲ ಮನೆಯವರೂ ತರತೊಡಗಿದರು. ನರೇಂದ್ರ ತನ್ನ ಮೀಟರನ್ನು ತೊಟ್ಟಿಯ ಬಾಯಿಂದ ಬಿಚ್ಚಿ ಎಂಟನೇ ಮನೆಯ ನಲ್ಲಿಗೆ ಕೂರಿಸಿದ. ಆಮೇಲೆ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದ.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ನಿಜವಾದ ಯಾನದಲ್ಲಿ ಇನ್ನೂರೈವತ್ತು ವರ್ಷ ನೀವಿರಲ್ಲ."

"ಇರಲ್ಲ ಬಿಡು. ಇವಳು ಇರಕ್ ಬಿಡಲ್ಲ."

"ಕೀ ತಿರುಗಿಸೋದು ನಂಗೆ ಕಲಿಸ್ತೀರಾ?"

"ಅದೇನ್ ವಿದ್ಯೆ, ಎಲ್ಡ್ ದಿನ. ಆದ್ರೆ ಕಲಿಯೋನು ಎಂಟ್ನೇ ಮನೇಲೇ ಇರ್ಬೇಕು, ಎಂಟ್ನೇ ಮನೆ ನೀರೇ ಕುಡೀಬೇಕು."

ನರೇಂದ್ರ ಹಾಸಿಗೆ ಸುತ್ತಿಕೊಂಡು ಬಂದ. ಮೊದಲ ದಿನ ಐದನೇ ಮನೆಯವರ ನಗುವಿಗೆ ಸೋತು ಒಂದು ಬಕೆಟ್ಟು ಹೆಚ್ಚು ಕೊಟ್ಟ. ಆವತ್ತು ಮುನಿಶಾಮಮ್ಮ ಅವನಿಗೆ ಕಾಫಿ ಲೋಟವನ್ನು ಬರಿದೇ ಕೊಟ್ಟರು. ಎರಡನೇ ದಿನದಿಂದ ಅವನ ಕೈ ಜಾರಲಿಲ್ಲ.

ಡಿಸೆಂಬರಿನಲ್ಲಿ, ಇನ್ನೂರ ಎಪ್ಪತ್ತನೇ ದಿನದ ಹತ್ತಿರ, ನಯೀಮನ ಕಪಾಟಿನಲ್ಲಿ ಅವರೆ ಕಾಯಿ ಬಿಟ್ಟಿತು. ಅರ್ಧ ನೀರಿನಲ್ಲಿ ಬೆಳೆದ ಅವರೆ, ಆದರೂ ಸೊಗಡಿಗೆ ಕೊರತೆಯಿಲ್ಲ. ಕಿಟಕಿಯೇ ಇಲ್ಲದ ಆ ಶೆಡ್ಡಿನಲ್ಲಿ ಆ ವಾಸನೆ ತುಂಬಿಕೊಂಡಾಗ ನಕ್ಷತ್ರದ ದಾರಿಯಲ್ಲಿದ್ದ ಮೂವತ್ತೆರಡು ಜನವೂ ಒಂದು ಗಳಿಗೆ ಪೂರ್ತಿ ಬೆಂಗಳೂರಿಗೆ ವಾಪಸ್ಸಾದರು. ಮೊದಲ ಕೊಯ್ಲನ್ನು ನಯೀಮ್ ಅಡುಗೆ ಮನೆಗೆ ಒಯ್ಯಲಿಲ್ಲ. ಸಸಿ ಹಾಕುವ ಒಂದು ಟ್ರೇ ತುಂಬ ಕಾಯಿ ಹೊತ್ತು ಎಂಟನೇ ಮನೆಗೆ ಬಂದ.

"ಮೊರ ಇಲ್ಲ ಮುನಿಯಣ್ಣ. ಟ್ರೇನಲ್ಲಿ ತಂದಿದೀನಿ" ಎಂದ. ತಾತನಿಗೆ ಕಣದಲ್ಲಿ ಕೊಡುತ್ತಿದ್ದ ಮೊರದ ಕಥೆಯನ್ನು ಮುನಿವೆಂಕಟಯ್ಯ ಯಾವಾಗಲೋ ಅವನಿಗೆ ಹೇಳಿದ್ದರು. ಹೇಳಿದ್ದನ್ನು ಅವರೇ ಮರೆತಿದ್ದರು.

ಮುನಿವೆಂಕಟಯ್ಯನವರ ಅಪ್ಪನ ಕೈಗೂ ಆ ಮೊರ ಬಂದಿರಲಿಲ್ಲ. ಟ್ರೇಯನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಮುನಿಶಾಮಮ್ಮ ಅದನ್ನು ಕೈಯಿಂದ ಕಸಿದುಕೊಂಡು, "ಬಾಪ್ಪ ನಯೀಮಾ, ಕುಂತ್ಕೊ. ಸುಲಿಯೋಕೆ ಜನ ಬೇಕು" ಎಂದರು. ಆ ಸಂಜೆ ಮೂವತ್ತೆರಡು ಜನ ಎಂಟನೇ ಮನೆಯ ಮುಂದೆ ಕೂತು ಅವರೆ ಸುಲಿದರು, ಹಿತಕಿದರು, ಮುದ್ದೆಯ ಜೊತೆ ಉಂಡರು. ಊಟವಾದ ಮೇಲೆ ತಟ್ಟೆ ತೊಳೆಯುವ ನೀರಿನ ಬಗ್ಗೆ ಯಾರೂ ಜಗಳವಾಡಲಿಲ್ಲ. ಅದನ್ನು ಜ್ಯೋತಿಲಕ್ಷ್ಮಿ ತಮ್ಮ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ.

ಮುನ್ನೂರನೇ ದಿನ, ಜನವರಿಯ ಒಂದು ಬೆಳಿಗ್ಗೆ, ಹೊರಗೆ ಕ್ಯಾಮೆರಾ, ಹಾರ, ಪ್ರತಿಷ್ಠಾನದ ದೊಡ್ಡವರು ಎಲ್ಲ ಕಾದು ನಿಂತಿದ್ದರು. ಸರಳು ಎತ್ತುವ ಗೌರವ ಮುನಿವೆಂಕಟಯ್ಯನವರದು ಎಂದು ಒಳಗಿನವರೆಲ್ಲ ಒಟ್ಟಾಗಿ ತೀರ್ಮಾನಿಸಿದ್ದರು.

"ನಾನ್ ಎತ್ತಿದ್ರೆ ನಾನೇ ಮೊದ್ಲು ಓಗ್ಬೇಕಾಯ್ತದೆ, ಆಗಲ್ಲ" ಎಂದರು ಅವರು. "ಸರಳಮ್ಮ ಎತ್ಲಿ. ಆವತ್ತೇ ಕೈಯಿಟ್ಟವ್ಳೆ, ಅರ್ಧ ಕೆಲ್ಸ ಆಗೈತೆ."

ಸರಳಾ ನಗುತ್ತ ಎತ್ತಿದಳು. ಬಿಸಿಲು ಒಳಗೆ ಬಂತು. ಮೊದಲನೇ ಮನೆಯವರು, ಎರಡನೇ ಮನೆಯವರು, ಹೀಗೆ ಸರದಿಯಲ್ಲಿ ಹೊರಗೆ ಹೋದರು. ಯಾರೂ ಹೀಗೆ ಹೋಗಿ ಎಂದಿರಲಿಲ್ಲ. ಹೋದವರು ಹಾರ ಹಾಕಿಸಿಕೊಳ್ಳದೆ ಬಾಗಿಲ ಕಡೆಗೇ ತಿರುಗಿ ನಿಂತರು. ಮುನಿವೆಂಕಟಯ್ಯ ಎಂಟೂ ವಾಲ್ವು ಬಂದ್ ಮಾಡಿ, ನಲ್ಲಿಗಳನ್ನು ಮುಟ್ಟಿ ನೋಡಿ, ಕೀ ಹೆಗಲ ಮೇಲಿಟ್ಟುಕೊಂಡು, ಹೆಂಡತಿಯೊಂದಿಗೆ ಕೊನೆಯವರಾಗಿ ಹೊರಬಂದರು. ಆಗ ಎದ್ದ ಚಪ್ಪಾಳೆ ಜಂಕ್ಷನ್ನಿನ ರೈಲಿಗೂ ಕೇಳಿರಬೇಕು. ಒಬ್ಬ ವರದಿಗಾರ್ತಿ ಮೈಕು ಚಾಚಿ, ಭೂಮಿಯಲ್ಲಿ ಯಾವುದನ್ನು ನೆನೆಸಿಕೊಂಡಿರಿ ಎಂದು ಮುನಿಶಾಮಮ್ಮನನ್ನು ಕೇಳಿದಳು. "ಅಲ್ಲಿ ಏನೂ ಕಮ್ಮಿ ಇರ್ಲಿಲ್ಲ ಕಣವ್ವ. ವಿಮಾನ್ದ್ ಕಾಟ ಒಂದ್ ಇತ್ತು, ಅದೂ ಊರಲ್ಲಿದ್ದಂಗೇ ಇತ್ತು."

ನೌಕೆಯ ಹೊಸ ನಕ್ಷೆ ತಯಾರಾಗಿದೆ. ಜ್ಯೋತಿಲಕ್ಷ್ಮಿ ನಮ್ಮ ಬಡಾವಣೆಗೆ ಬಂದು ಮುನಿವೆಂಕಟಯ್ಯನವರಿಗೆ ತೋರಿಸಿ ಹೋದರು, ಕಾಂಪೌಂಡಿನ ಮೇಲಿಂದ ನಾವೂ ನೋಡಿದೆವು. ನೂರಾರು ಇಂಗ್ಲಿಷ್ ಪದಗಳ ನಡುವೆ, ಪ್ರತಿ ಸಾಲಿನ ಕೊನೇ ಮನೆಯ ಮೇಲೂ ಕನ್ನಡದಲ್ಲಿ ಒಂದೇ ಮಾತು: ನೀರುಗಂಟಿ ಮನೆ. ಇಂಗ್ಲಿಷಿಗೆ ತಿರುಗಿಸಲು ದೊಡ್ಡವರು ಹೇಳಿದರಂತೆ. ಜ್ಯೋತಿಲಕ್ಷ್ಮಿ ಒಪ್ಪಲಿಲ್ಲವಂತೆ. ಇನ್ನೂರೈವತ್ತು ವರ್ಷದ ಆಚೆ, ಪುಟ್ಟೇನಹಳ್ಳಿ ಎಲ್ಲಿದೆಯೆಂದೇ ತಿಳಿಯದ ಮಗುವೊಂದು ಆ ಪದ ಓದುವುದನ್ನು ಕಲಿಯುತ್ತದೆ.

ಮುನಿವೆಂಕಟಯ್ಯ ಮತ್ತೆ ನಮ್ಮ ವಾಲ್ವಿಗೆ ಬಂದಿದ್ದಾರೆ. ಅವರ ಸ್ವಂತ ಮನೆ ಹಳೇ ಊರಿನ ಕೊನೆಯಲ್ಲಿ, ಪೈಪು ಮುಗಿಯುವ ಕಡೆ ಇದೆ. ಆ ಜಾಗಕ್ಕೆ ಅವರು ಇಷ್ಟು ವರ್ಷ ಬೈದುಕೊಳ್ಳುತ್ತಿದ್ದರು, ಈಗ ಬೈಯುವುದಿಲ್ಲ. ಈ ಯುಗಾದಿಗೂ ನಾವು ಒಬ್ಬಟ್ಟು ಕಳಿಸಿದೆವು. ಒಬ್ಬಟ್ಟು ತೆಗೆದುಕೊಂಡರು, ಡಬ್ಬ ತೊಳೆದು ವಾಪಸ್ಸು ಕೊಟ್ಟರು. ನೀರು ಮಾತ್ರ ಎಲ್ಲರಿಗೂ ಬಂದಷ್ಟೇ ಬಂತು. ಬೆಳಿಗ್ಗೆ ಅವರ ಫೋನು ಈಗ ಅಷ್ಟಾಗಿ ಹೊಡೆದುಕೊಳ್ಳುವುದಿಲ್ಲ. ನೀರಿನ ಅನುಮಾನ ಬಂದವರು ನಡೆದುಕೊಂಡು ಹಳೇ ಊರಿನ ಕೊನೆಗೆ ಹೋಗುತ್ತಾರೆ. ಅಲ್ಲಿ ಮುನಿಶಾಮಮ್ಮನ ಮನೆ ಮುಂದೆ, ನೌಕೆಯಿಂದ ತಂದ ಪ್ಲಾಸ್ಟಿಕ್ ಲೋಟದಲ್ಲಿ, ಆ ಪುದೀನದ ಕಡ್ಡಿ ಈಗ ಪೊದೆಯಾಗಿ ನಿಂತಿದೆ. ಅದರ ಬುಡ ಒದ್ದೆಯಾಗಿದ್ದರೆ, ಕೊನೇ ಮನೆಗೂ ನೀರು ಮುಟ್ಟಿದೆಯೆಂದು ಸುಮ್ಮನೆ ತಿರುಗಿ ಬರುತ್ತಾರೆ. ಬರುವಾಗ ಒಂದೆರಡು ಎಲೆ ಕಿತ್ತುಕೊಂಡು ಬರುತ್ತಾರೆ, ಅದಕ್ಕೆ ಮಾತ್ರ ಮುನಿಶಾಮಮ್ಮ ಒಳಗಿನಿಂದಲೇ ಕೂಗುತ್ತಾರೆ.